ಹತ್ತು ಲೀಟರಿನ ಕಂಪ್ಯೂಟರು

“ಹಾಲೇನೋ ಅದು, ಲೀಟರಲ್ಲಿ ಅಳೆಯೋಕೆ?” ಎಂದು ಅಕ್ಕ ಕೇಳಿದಳು. ಅವಳ ಮಗ ಊಟದ ಮೇಜಿನ ಮೇಲೆ ನೋಟ್‌ಬುಕ್ ಹರಡಿಕೊಂಡು ಒಂದೊಂದು ಕ್ಯಾಬಿನೆಟ್‌ನ ಹೆಸರಿನ ಮುಂದೆ 7.2, 10.4, 18.25 ಎಂದು ಬರೆಯುತ್ತಿದ್ದ. ಹುಡುಗ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಮನೆಯಲ್ಲಿದ್ದ ಹಳೆಯ ಟವರ್ ಕಂಪ್ಯೂಟರನ್ನು ಒಮ್ಮೆ ರಾತ್ರಿ ಬಸ್ಸಿನಲ್ಲಿ ಒಯ್ದವನು, ಕಾಲಿಡುವ ಜಾಗದಲ್ಲಿ ಅದನ್ನು ಕೂರಿಸಿ ತಾನು ಮಂಡಿ ಎದೆಗೊತ್ತಿಕೊಂಡು ಬೆಳಗು ಮಾಡಿದ್ದ. ಇನ್ನು ಆ ಸಹವಾಸ ಬೇಡ ಎಂದು ತೀರ್ಮಾನವಾಗಿತ್ತು. ಈಗ ಬೇಕಾಗಿದ್ದುದು ಬೆನ್ನಚೀಲದಲ್ಲಿ ಹಿಡಿಯುವ, ಆದರೂ ಹೊಸ ಆಟಗಳನ್ನು ತಡವರಿಸದೆ ಓಡಿಸುವ ಡಬ್ಬಿ. ಮಾನಿಟರ್ ಬೆಂಗಳೂರಿನ ಮನೆಯಲ್ಲೂ ಇದೆ, ಕಲಬುರಗಿಯ ರೂಮಿನಲ್ಲೂ ಇದೆ. ಓಡಾಡಬೇಕಾದ್ದು ಡಬ್ಬಿ ಮಾತ್ರ.

ಲೀಟರಿನ ಲೆಕ್ಕ ವಿಚಿತ್ರವೆನಿಸಿದರೂ ಅಡುಗೆಮನೆಯವರಿಗೆ ಬೇಗ ಅರ್ಥವಾಗುತ್ತದೆ. ಸಾಧಾರಣ ಟವರ್ ಕ್ಯಾಬಿನೆಟ್ 40ರಿಂದ 50 ಲೀಟರ್. ಮನೆಗೆ ಬರುವ ನೀರಿನ ಕ್ಯಾನ್ ಎರಡನ್ನು ಜೋಡಿಸಿಟ್ಟಷ್ಟು. ಕೂಲರ್ ಮಾಸ್ಟರ್ ಕಂಪನಿ 2020ರಲ್ಲಿ ತಂದ ಎನ್‌ಆರ್200 ಕ್ಯಾಬಿನೆಟ್ 18.25 ಲೀಟರ್, ಒಂದು ಕ್ಯಾನಿಗಿಂತ ತುಸು ಕಡಿಮೆ. ಪ್ಲೇಸ್ಟೇಷನ್ 5 ಮೊದಲು ಬಂದಾಗ ಹತ್ತೂವರೆ ಲೀಟರಿನಷ್ಟಿತ್ತು, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಏಳಕ್ಕೂ ಕೆಳಗೆ. ಡ್ಯಾನ್ ಎ4-ಎಸ್‌ಎಫ್‌ಎಕ್ಸ್ ಎಂಬ ಹೆಸರಾಂತ ಪುಟ್ಟ ಕ್ಯಾಬಿನೆಟ್ 7.2 ಲೀಟರ್. ಅಕ್ಕನ ದೊಡ್ಡ ಕುಕ್ಕರ್ ಏಳೂವರೆ. “ಹಂಗಾದ್ರೆ ನನ್ ಕುಕ್ಕರೇ ದೊಡ್ಡದು” ಎಂದು ಅವಳು ಒಳಗೆ ಹೋದಳು.

ಈ ಅಳತೆಯ ಹಿಂದೆ ಸಣ್ಣ ಇತಿಹಾಸವಿದೆ. ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಮದರ್‌ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಇವತ್ತಿಗೂ ದೊಡ್ಡ ಕಂಪ್ಯೂಟರಿನ ಬೆನ್ನೆಲುಬು ಅದೇ. 2001ರಲ್ಲಿ ತೈವಾನಿನ ವಿಯಾ ಕಂಪನಿ 170 ಮಿ.ಮೀ. ಚೌಕದ ಮಿನಿ-ಐಟಿಎಕ್ಸ್ ತಂದಿತು. ಹಳೆಯದರ ಶೇ 40ರಷ್ಟೂ ಜಾಗ ಬೇಡದ ಬೋರ್ಡ್. ವಿಯಾದವರ ಕಣ್ಣಿದ್ದುದು ಕಡಿಮೆ ವಿದ್ಯುತ್ತಿನ, ಸದ್ದಿಲ್ಲದ ಪುಟ್ಟ ಯಂತ್ರಗಳ ಮೇಲೆ, ಆಟದ ಮೇಲಲ್ಲ. ಆಟದವರಿಗೆ ಬೇರೊಂದು ಕಷ್ಟವಿತ್ತು. 1994ರಲ್ಲಿ ಸ್ವೀಡನ್ನಿನ ಡ್ರೀಮ್‌ಹ್ಯಾಕ್, 1996ರಲ್ಲಿ ಟೆಕ್ಸಸ್‌ನ ಕ್ವೇಕ್‌ಕಾನ್ ಶುರುವಾದವು. ಅಲ್ಲಿಗೆಲ್ಲ ಅವರವರ ಕಂಪ್ಯೂಟರನ್ನು ಅವರವರೇ ಹೊತ್ತು ತಂದು, ಕೇಬಲ್ ಎಳೆದು ಒಟ್ಟಿಗೆ ಕೂತು ಆಡಬೇಕಿತ್ತು. ಗಾಜಿನ ಕೊಳವೆಯ ಮಾನಿಟರಿನ ಕಾಲ ಅದು. ಹೊತ್ತವರ ಬೆನ್ನಿಗೇ ಗೊತ್ತು.

ಮುಂದಿನ ಹೆಜ್ಜೆ ಇಟ್ಟವರು ಹವ್ಯಾಸಿಗಳು. 2013ರ ಹೊತ್ತಿಗೆ ಎನ್‌ಕೇಸ್ ಎಂ1, 2016ರಲ್ಲಿ ಜರ್ಮನಿಯ ಡ್ಯಾನಿಯಲ್ ಹ್ಯಾನ್ಸೆನ್ ಅವರ ಡ್ಯಾನ್ ಎ4 ಬಂದವು. ಎರಡಕ್ಕೂ ಬಂಡವಾಳ ಹೂಡಿದ್ದು ಜನರ ವಂತಿಗೆ. ಎರಡನ್ನೂ ತಯಾರಿಸಿಕೊಟ್ಟಿದ್ದು ತೈವಾನಿನ ಲಿಯಾನ್ ಲಿ. ಹ್ಯಾನ್ಸೆನ್ ಅವರ ಕ್ಯಾಬಿನೆಟ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಎಂದಿನಂತೆ ಮದರ್‌ಬೋರ್ಡಿಗೆ ಅಡ್ಡಲಾಗಿ ಚಾಚಿಕೊಂಡು ನಿಲ್ಲುವುದಿಲ್ಲ. ಬೋರ್ಡಿನ ಬೆನ್ನಿಗೆ ಬೆನ್ನು ಕೊಟ್ಟು ಆ ಬದಿಗೆ ಹೋಗುತ್ತದೆ. ನಡುವೆ ರೈಸರ್ ಎಂಬ ಚಪ್ಪಟೆ ಕೇಬಲ್ ಎರಡನ್ನೂ ಸೇರಿಸುತ್ತದೆ. ಇಷ್ಟೇ ಯುಕ್ತಿ. ಪೂರ್ತಿ ಉದ್ದದ ಕಾರ್ಡು ಕುಕ್ಕರಿನಷ್ಟು ಜಾಗಕ್ಕೆ ಇಳಿದದ್ದು ಇದರಿಂದ.

ನಮ್ಮ ಸರ್ಕಾರವೂ ಈ ಪುಟ್ಟ ಯಂತ್ರಗಳನ್ನು ಒಮ್ಮೆ ಗಮನಿಸಿದ್ದುಂಟು. 2023ರ ಆಗಸ್ಟ್ 3ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೊರಡಿಸಿದ ಆಮದು ನಿರ್ಬಂಧದ ಪಟ್ಟಿಯಲ್ಲಿ ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳ ಜತೆ ‘ಅಲ್ಟ್ರಾ ಸ್ಮಾಲ್ ಫಾರ್ಮ್ ಫ್ಯಾಕ್ಟರ್ ಕಂಪ್ಯೂಟರ್’ ಎಂಬ ಹೆಸರೂ ಇತ್ತು. ಬಿಡಿಭಾಗ ಕೊಂಡು ಮನೆಯಲ್ಲೇ ಜೋಡಿಸುವ ನಮ್ಮಂಥವರಿಗೆ ಅದರ ಬಿಸಿ ತಟ್ಟಲಿಲ್ಲ.

ಲ್ಯಾಪ್‌ಟಾಪ್ ಏಕೆ ಬೇಡ ಎಂದು ನಾನೂ ಕೇಳಿದೆ. ಬಸ್ಸಿನಲ್ಲಿ, ತರಗತಿಯಲ್ಲಿ, ಹಾಸಿಗೆಯ ಮೇಲೆ ಆಡುವವನಿಗೆ ಗೇಮಿಂಗ್ ಲ್ಯಾಪ್‌ಟಾಪೇ ಸರಿ. ಸ್ಟೀಮ್ ಡೆಕ್, ಆರ್‌ಒಜಿ ಆ್ಯಲೈನಂಥ ಕೈಯಲ್ಲಿ ಹಿಡಿಯುವ ಯಂತ್ರಗಳು ಇನ್ನೂ ಹಗುರ. ಆದರೆ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಐದು ವರ್ಷದ ಮೇಲೆ ಅದು ಮುದಿಯಾದರೆ ಇಡೀ ಯಂತ್ರವೇ ಮುದಿ. ಹುಡುಗನ ವಾದವೂ ಅದೇ: “ಮಾಮ, ಇದ್ರಲ್ಲಿ ಕಾರ್ಡ್ ಬದಲಾಯಿಸಬಹುದು, ಪ್ರೊಸೆಸರ್ ಬದಲಾಯಿಸಬಹುದು. ಡಬ್ಬಿ ಮಾತ್ರ ಹಂಗೇ ಇರುತ್ತೆ.” ಒಪ್ಪಿದೆ. ಎರಡು ಊರಿನಲ್ಲೂ ಮಾನಿಟರ್ ಇರದಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ.

ಟವರ್ ಕಂಪ್ಯೂಟರಿಗೆ ಮೊದಲು ಪ್ರೊಸೆಸರ್, ಆಮೇಲೆ ಬೋರ್ಡ್, ಆಮೇಲೆ ಕಾರ್ಡ್ ಆರಿಸಿ, ಕೊನೆಗೆ ಚೆಂದ ಕಂಡ ಕ್ಯಾಬಿನೆಟ್ ಕೊಳ್ಳುತ್ತೇವೆ. ಸಣ್ಣ ಕಂಪ್ಯೂಟರಿನಲ್ಲಿ ಇದು ತಿರುವುಮುರುವು. ಮೊದಲು ಚೀಲ ನೋಡಬೇಕು, ಚೀಲಕ್ಕೆ ತಕ್ಕ ಡಬ್ಬಿ, ಡಬ್ಬಿಗೆ ತಕ್ಕ ಕಾರ್ಡು. ಉಳಿದದ್ದನ್ನೆಲ್ಲ ಬಿಸಿ ತೀರ್ಮಾನಿಸುತ್ತದೆ. ಈ ಸರದಿ ತಪ್ಪಿಸಿದವರ ಮನೆಯಲ್ಲಿ ಡಬ್ಬಿಗೆ ಹಿಡಿಸದ ಕಾರ್ಡೊಂದು ಬೀರುವಿನಲ್ಲಿ ಮಲಗಿರುತ್ತದೆ.

ನಾವು ಆರಿಸಿದ್ದು ಸ್ವೀಡನ್ನಿನ ಫ್ರಾಕ್ಟಲ್ ಕಂಪನಿ 2023ರಲ್ಲಿ ತಂದ ಟೆರಾ, 10.4 ಲೀಟರ್. ಅದರ ಹೊಟ್ಟೆಯಲ್ಲಿ ಅತ್ತಿತ್ತ ಸರಿಸಬಹುದಾದ ಒಂದು ನಡುಗೋಡೆಯಿದೆ. ಗೋಡೆಯ ಒಂದು ಕಡೆ ಪ್ರೊಸೆಸರ್ ಮತ್ತು ಅದರ ಕೂಲರ್, ಇನ್ನೊಂದು ಕಡೆ ಗ್ರಾಫಿಕ್ಸ್ ಕಾರ್ಡು. ಅಣ್ಣತಮ್ಮಂದಿರು ಹಿರಿಯರ ಮನೆ ಪಾಲು ಮಾಡಿಕೊಂಡಂತೆ: ಅಣ್ಣನ ಕೋಣೆ ಒಂದು ಗೇಣು ದೊಡ್ಡದಾದರೆ ತಮ್ಮನದು ಒಂದು ಗೇಣು ಸಣ್ಣದು. ಗೋಡೆಯನ್ನು ಒಂದು ತುದಿಗೆ ತಳ್ಳಿದರೆ 72 ಮಿ.ಮೀ. ದಪ್ಪದ ಕಾರ್ಡು ಹಿಡಿಯುತ್ತದೆ. ಆಗ ಪ್ರೊಸೆಸರಿನ ಕೂಲರಿಗೆ ಉಳಿಯುವುದು 48 ಮಿ.ಮೀ. ಇನ್ನೊಂದು ತುದಿಗೆ ತಳ್ಳಿದರೆ ಕೂಲರಿಗೆ 77, ಕಾರ್ಡಿಗೆ 43. ಯಾವ ಕಡೆ ವಾಲಬೇಕು ಎಂಬ ಚರ್ಚೆ ನಮ್ಮಿಬ್ಬರ ನಡುವೆ ಮೂರು ಸಂಜೆ ನಡೆಯಿತು.

ಹುಡುಗನ ಮನಸ್ಸಿದ್ದುದು ದೊಡ್ಡ ಕಾರ್ಡಿನ ಮೇಲೆ. ಚಿಪ್ಪಿನೊಳಗಿನ ಗೆರೆಗಳು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದ್ದರೂ ಕಾರ್ಡುಗಳು ಮಾತ್ರ ಇಟ್ಟಿಗೆಯಂತೆ ಊದುತ್ತ ಬಂದಿವೆ. 2022ರ ಆರ್‌ಟಿಎಕ್ಸ್ 4090 ಮೂವತ್ತು ಸೆಂಟಿಮೀಟರ್ ಉದ್ದ, 450 ವ್ಯಾಟ್. 2025ರ 5090ಕ್ಕೆ 575 ವ್ಯಾಟ್. ಮನೆಯ ಎಷ್ಟೋ ಇಸ್ತ್ರಿಪೆಟ್ಟಿಗೆಗಳು ಸಾವಿರ ವ್ಯಾಟಿನವು, ನೆನಪಿರಲಿ. ಕಾರ್ಡುಗಳ ಕೆಳಗಿನ ಮೆಟ್ಟಿಲುಗಳಲ್ಲಿ ಬೇರೆಯೇ ಕಥೆ ನಡೆದಿದೆ. 2016ರ ಜಿಟಿಎಕ್ಸ್ 1060 ಉಣ್ಣುತ್ತಿದ್ದುದು 120 ವ್ಯಾಟ್; ಏಳು ವರ್ಷದ ನಂತರದ ಆರ್‌ಟಿಎಕ್ಸ್ 4060 ಅದಕ್ಕಿಂತ ಎಷ್ಟೋ ಹೆಚ್ಚು ಕೆಲಸವನ್ನು 115 ವ್ಯಾಟಿನಲ್ಲಿ ಮಾಡುತ್ತದೆ. ಪುಟ್ಟ ಡಬ್ಬಿಯವರು ನೋಡಬೇಕಾದ್ದು ಈ ಮೆಟ್ಟಿಲನ್ನೇ. 4060ರಲ್ಲಿ 8 ಜಿಬಿ ಮೆಮೊರಿ ಮಾತ್ರ ಇರುವುದು ನಿಜವಾದ ಕೊರತೆ, ಅದನ್ನು ಮುಚ್ಚಿಡಲಾರೆ. 1080ಪಿ ಮಾನಿಟರಿನಲ್ಲಿ ಆಡುವವನಿಗೆ ಟೆಕ್ಸ್‌ಚರ್ ಒಂದು ಮೆಟ್ಟಿಲು ಇಳಿಸಿದರೆ ಸಾಕಾಗುತ್ತದೆ. 4ಕೆ ಟೀವಿಯ ಮುಂದೆ ಕೂರುವವನಿಗೆ ಸಾಲದು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಇದನ್ನೆಲ್ಲ ಕೇಳಿದ ಮಾಲೀಕರು ಕನ್ನಡಕ ಏರಿಸಿ ನಮ್ಮನ್ನು ನೋಡಿದರು. ಅವರ ಹಿಂದಿನ ಗೋಡೆಯ ತುಂಬ ಗಾಜಿನ ಕ್ಯಾಬಿನೆಟ್‌ಗಳು, ಒಳಗೆ ಕಾಮನಬಿಲ್ಲಿನ ಬಣ್ಣದ ಫ್ಯಾನ್‌ಗಳು. “ಇದೇ ದುಡ್ಡಿಗೆ ದೊಡ್ಡದು ಬರುತ್ತಲ್ಲ ಸಾರ್? ಚಿಕ್ಕದಕ್ಕೆ ಯಾಕೆ ಜಾಸ್ತಿ ಕೊಡ್ತೀರಿ?” ನ್ಯಾಯವಾದ ಪ್ರಶ್ನೆ. ಐಟಿಎಕ್ಸ್ ಬೋರ್ಡಿಗೆ ಅದೇ ದರ್ಜೆಯ ದೊಡ್ಡ ಬೋರ್ಡಿಗಿಂತ ಹಲವು ಸಾವಿರ ಹೆಚ್ಚು. ವಿದ್ಯುತ್ ಒದಗಿಸುವ ಸಣ್ಣ ಎಸ್‌ಎಂಪಿಎಸ್‌ಗೂ ಹಾಗೆಯೇ. ಕೊಳ್ಳುವವರು ಕಡಿಮೆಯಾದ್ದರಿಂದ ಅಂಗಡಿಯವರು ಸ್ಟಾಕ್ ಇಡುವುದಿಲ್ಲ, ಆರ್ಡರ್ ಕೊಟ್ಟು ಕಾಯಬೇಕು. ಆದರೂ ಆ ಮನುಷ್ಯರು ಒಳ್ಳೆಯವರು. ಕಾರ್ಡಿನ ಪೆಟ್ಟಿಗೆ ಬಿಚ್ಚಿ ಅಳತೆ ತೆಗೆದುಕೊಳ್ಳಲು ಬಿಟ್ಟರು.

ಆ ಅಳತೆಯೇ ನಮ್ಮನ್ನು ಉಳಿಸಿದ್ದು. ಹುಡುಗ ಮನೆಯಿಂದ ರಟ್ಟು ಕತ್ತರಿಸಿ ಕಾರ್ಡಿನ ಜಾಗದ ಅಚ್ಚು ಮಾಡಿ ತಂದಿದ್ದ. ಮೊದಲು ಮೆಚ್ಚಿದ ಕಾರ್ಡು ಉದ್ದಕ್ಕೆ ಸರಿಯಿತ್ತು, ದಪ್ಪಕ್ಕೂ ಸರಿಯಿತ್ತು. ಅಗಲವನ್ನು ಯಾರೂ ಸಾಮಾನ್ಯವಾಗಿ ನೋಡುವುದಿಲ್ಲ. ಕಾರ್ಡಿನ ಅಂಚಿಗೆ ಪವರ್ ಕೇಬಲ್ಲಿನ ತಲೆ ಸಿಕ್ಕಿಸಿದರೆ ಅದು ಇನ್ನೂ ಎರಡು ಬೆರಳು ಮೇಲೇಳುತ್ತದೆ, ಬಾಗಲು ಜಾಗ ಕೇಳುತ್ತದೆ. ರಟ್ಟಿನ ಮೇಲೆ ಇಟ್ಟು ನೋಡಿದರೆ ಮುಚ್ಚಳ ಕೂರುವಂತಿರಲಿಲ್ಲ. ಎರಡು ಫ್ಯಾನಿನ, 40 ಮಿ.ಮೀ. ದಪ್ಪದ, ಅಗಲ ಕಡಿಮೆಯಿರುವ ಇನ್ನೊಂದು 4060 ಕೊಂಡೆವು. ಕಾರ್ಡು ತೆಳ್ಳಗಾದ್ದರಿಂದ ಗೋಡೆ ಆ ಕಡೆ ಸರಿಯಿತು. ಪ್ರೊಸೆಸರಿಗೆ ಥರ್ಮಲ್‌ರೈಟ್ ಕಂಪನಿಯ 67 ಮಿ.ಮೀ. ಎತ್ತರದ ಕೂಲರ್ ಹಿಡಿಸಿತು.

ಬಿಸಿಯ ಮಾತಿಗೆ ಈಗ ಬರಬೇಕು. ಕಲಬುರಗಿಯ ಕಾರಣಕ್ಕೆ ನನ್ನ ತಲೆ ತಿಂದದ್ದು ಇದೇ. ಕಂಪ್ಯೂಟರ್ ಉಣ್ಣುವ ಪ್ರತಿ ವ್ಯಾಟೂ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಎಲ್ಲ ಸೇರಿ 250 ವ್ಯಾಟ್ ಎಂದರೆ ಹಳೆಯ ಕಾಲದ 60 ವ್ಯಾಟಿನ ಬಲ್ಬು ನಾಲ್ಕನ್ನು ಒಂದು ಡಬ್ಬಿಯಲ್ಲಿ ಉರಿಸಿದಂತೆ. ಕೋಳಿಮರಿಗೆ ಕಾವು ಕೊಡಲು ಅಂಥ ಒಂದೆರಡು ಬಲ್ಬು ಸಾಕು. ಇನ್ನು ಕೂಲರ್ ಎಂಬುದು ಹೆಸರಿಗೆ ಮಾತ್ರ. ಅದು ತಂಪು ಹುಟ್ಟಿಸುವುದಿಲ್ಲ, ಚಿಪ್ಪಿನ ಶಾಖವನ್ನು ಕೋಣೆಯ ಗಾಳಿಗೆ ದಾಟಿಸುತ್ತದೆ ಅಷ್ಟೆ. ಕೋಣೆಯೇ ಕಾದಿದ್ದರೆ ಅದೂ ಅಷ್ಟೇ ಮೇಲಿಂದ ಎಣಿಕೆ ಶುರುಮಾಡುತ್ತದೆ. 22 ಡಿಗ್ರಿಯ ಕೋಣೆಯಲ್ಲಿ 75 ಡಿಗ್ರಿ ತೋರಿಸುವ ಚಿಪ್ಪು, 40 ಡಿಗ್ರಿಯ ಕೋಣೆಯಲ್ಲಿ 93ರ ಹತ್ತಿರ ತೋರಿಸುತ್ತದೆ. ತಣ್ಣನೆಯ ಎಸಿ ಕೋಣೆಯಲ್ಲಿ ಕೂತು ಬರೆದ ವಿಮರ್ಶೆಗಳನ್ನು ಓದಿ ‘ಸಾಕು’ ಎಂದುಕೊಂಡು ಕೊಂಡವರು ಮೇ ತಿಂಗಳ ಕಲಬುರಗಿಯಲ್ಲಿ ಪೆಚ್ಚಾಗುತ್ತಾರೆ. ಯಾವ ವಿಮರ್ಶೆಯ ಅಂಕಿಗಾದರೂ ನಾನು ಹದಿನೆಂಟು ಡಿಗ್ರಿ ಕೂಡಿಸಿಯೇ ಓದುತ್ತಿದ್ದೆ.

ಹಾಗಾಗಿ ಪ್ರೊಸೆಸರನ್ನು ಆರಿಸುವಾಗ ವೇಗಕ್ಕಿಂತ ಮೊದಲು ಹಸಿವನ್ನು ನೋಡಿದೆವು. ಪುಟ್ಟ ಡಬ್ಬಿಯವರ ಕಣ್ಮಣಿ ಎಂದರೆ ಎಎಂಡಿ 2023ರ ಏಪ್ರಿಲ್‌ನಲ್ಲಿ ತಂದ ರೈಜನ್ 7 7800ಎಕ್ಸ್3ಡಿ. ಚಿಪ್ಪಿನ ಮೇಲೆ ಇನ್ನೊಂದು ಪದರ ಕ್ಯಾಶ್ ಮೆಮೊರಿ ಅಂಟಿಸಿ ಒಟ್ಟು 96 ಎಂಬಿ ಮಾಡಿದ್ದರಿಂದ, ಆಟದ ಹೊತ್ತಿನಲ್ಲಿ ಅದು ತನಗಿಂತ ಹೆಚ್ಚು ವಿದ್ಯುತ್ ನುಂಗುವ ಚಿಪ್ಪುಗಳನ್ನು ಹಿಂದೆ ಹಾಕುತ್ತದೆ. ನಮ್ಮ ದುಡ್ಡು ಅಲ್ಲಿಯವರೆಗೆ ಎಟುಕಲಿಲ್ಲ. 4060ಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಆರು ಕೋರಿನ ರೈಜನ್ 5 7600 ತೆಗೆದುಕೊಂಡೆವು. ಹೆಸರಿಗೆ 65 ವ್ಯಾಟಿನದು, ಬಿಟ್ಟರೆ 88ರವರೆಗೆ ಎಳೆಯುತ್ತದೆ. ಬಯೋಸ್‌ನಲ್ಲಿ ಆ ಮಿತಿಯನ್ನು 65ಕ್ಕೆ ಇಳಿಸಿದೆವು. ಆಟದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣಲಿಲ್ಲ, ಫ್ಯಾನಿನ ಸದ್ದಿನಲ್ಲಿ ಚೆನ್ನಾಗಿಯೇ ಕೇಳಿಸಿತು. ಇದೇ ಸಾಕೆಟ್ಟಿಗೆ 2024ರ 9000 ಸರಣಿಯೂ ಕೂರುತ್ತದೆ ಎಂಬುದು ಹುಡುಗನ ಮುಂದಾಲೋಚನೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದದ್ದು ನಮ್ಮ ಬೆಂಗಳೂರಿನಲ್ಲೇ. ಚಿಪ್ಪು ಮಾತ್ರ ಸಮುದ್ರ ದಾಟಿ ಬಂದು ನಮಗೆ ಸಿಗುತ್ತದೆ.

ಬೆನ್ನಿಗೆ ಬೆನ್ನು ಕೊಟ್ಟ ವಿನ್ಯಾಸಕ್ಕೆ ಬಿಸಿಯ ವಿಷಯದಲ್ಲಿ ಒಂದು ಅನುಕೂಲವೂ ಇದೆ. ಕಾರ್ಡಿನ ಫ್ಯಾನು ಒಂದು ಬದಿಯ ರಂಧ್ರದ ತಗಡಿಗೆ, ಪ್ರೊಸೆಸರಿನ ಫ್ಯಾನು ಇನ್ನೊಂದು ಬದಿಯ ತಗಡಿಗೆ ಮುಖ ಮಾಡಿ ನಿಲ್ಲುತ್ತವೆ. ಎರಡೂ ನೇರವಾಗಿ ಹೊರಗಿನ ಗಾಳಿಯನ್ನೇ ಉಸಿರಾಡುತ್ತವೆ, ಒಂದರ ಬೆವರು ಇನ್ನೊಂದಕ್ಕೆ ತಾಗುವುದು ಕಡಿಮೆ. ಮುಂದೆ ಗಾಜು ಬಡಿದ ದೊಡ್ಡ ಟವರಿಗಿಂತ ಇದು ತಣ್ಣಗಿರುವುದೂ ಉಂಟು. ಗೋಡೆಗೆ ಒತ್ತಿ ಇಟ್ಟರೆ ಮಾತ್ರ ಆ ಲಾಭವೆಲ್ಲ ಹೋಯಿತು. ನೀರಿನ ಕೂಲರಿನ ಆಸೆಯನ್ನು ನಾನು ಹುಟ್ಟಿನಲ್ಲೇ ಚಿವುಟಿದೆ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಆರುನೂರು ಕಿಲೋಮೀಟರ್ ಕುಲುಕಾಡುವ ಡಬ್ಬಿಯೊಳಗೆ ಪಂಪು, ಪೈಪು, ನೀರು ಯಾಕೆ? ಬೋರ್ಡಿಗೆ ಜೋತುಬೀಳುವ ಹದಿನಾರು ಸೆಂಟಿಮೀಟರಿನ ಟವರ್ ಕೂಲರ್ ಕೂಡ ಪ್ರಯಾಣಕ್ಕೆ ಒಳ್ಳೆಯದಲ್ಲ. ಕುಳ್ಳ ಕೂಲರಿಗೆ ಎಳೆದಾಟ ಕಡಿಮೆ.

ಎಸ್‌ಎಂಪಿಎಸ್ ವಿಷಯದಲ್ಲಿ ನಾನು ಜಿಪುಣತನ ಮಾಡಲು ಬಿಡಲಿಲ್ಲ. ದೊಡ್ಡ ಎಟಿಎಕ್ಸ್ ಎಸ್‌ಎಂಪಿಎಸ್ ಒಂದೇ ಸುಮಾರು 1.8 ಲೀಟರ್ ನುಂಗುತ್ತದೆ. ಎಸ್‌ಎಫ್‌ಎಕ್ಸ್ ಅಳತೆಯದು 0.8 ಲೀಟರ್. ಒಟ್ಟು 250 ವ್ಯಾಟಿನ ಯಂತ್ರಕ್ಕೆ 450 ವ್ಯಾಟಿನದು ಧಾರಾಳ. ಬೇಡದ ಕೇಬಲ್ ಕಳಚಿಡಬಹುದಾದ ಮಾಡ್ಯುಲರ್ ಮಾದರಿಯೇ ಬೇಕು, ಇಲ್ಲದಿದ್ದರೆ ಒಳಗೆಲ್ಲ ಶ್ಯಾವಿಗೆ. ನಮ್ಮ ಕಡೆಯ ಇನ್ನೊಂದು ಸಂಗತಿಯೂ ಇದೆ. ಹಾಸ್ಟೆಲ್, ಬಾಡಿಗೆ ರೂಮುಗಳ ಎಷ್ಟೋ ಪ್ಲಗ್ಗುಗಳಲ್ಲಿ ಮೂರನೇ ತೂತು ಇರುತ್ತದೆ, ಅರ್ಥಿಂಗ್ ಇರುವುದಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಅತಿ ಸಣ್ಣ ಕರೆಂಟ್ ಮೈತಗಡಿಗೆ ಸೋರುತ್ತದೆ. ಅರ್ಥ್ ಇದ್ದರೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಬೆರಳು ಜುಮ್ ಅನ್ನುತ್ತದೆ. ಹಳೆಯ ಬಣ್ಣ ಬಳಿದ ಟವರಿನಲ್ಲಿ ಗೊತ್ತಾಗದ್ದು ಅಲ್ಯುಮಿನಿಯಮ್ ಡಬ್ಬಿಯಲ್ಲಿ ತಕ್ಷಣ ಗೊತ್ತಾಗುತ್ತದೆ. ಯಂತ್ರ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮೊದಲು ಎಲೆಕ್ಟ್ರಿಷಿಯನ್ ಕರೆಯಬೇಕು. ಹುಡುಗನ ರೂಮಿನಲ್ಲಿ ಮೊದಲು ಮಾಡಿಸಿದ ಕೆಲಸ ಅದು.

ಉಳಿದದ್ದು ಚಿಲ್ಲರೆ. ಐಟಿಎಕ್ಸ್ ಬೋರ್ಡಿನಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್, ಆದ್ದರಿಂದ ಮೊದಲೇ 16 ಜಿಬಿಯ ಎರಡು. ಎತ್ತರದ, ದೀಪದ ರ‍್ಯಾಮ್ ಕುಳ್ಳ ಕೂಲರಿನ ಕೆಳಗೆ ನುಸುಳುವುದಿಲ್ಲ, ಬೋಳು ರ‍್ಯಾಮ್ ಸಾಕು. 2025ರ ಕೊನೆಯಲ್ಲಿ ಎಐ ಸರ್ವರುಗಳ ಹಸಿವಿನಿಂದ ರ‍್ಯಾಮ್ ಬೆಲೆ ಹಬ್ಬದ ಹೊತ್ತಿನ ಮಲ್ಲಿಗೆಯಂತೆ ಏರಿತು. ಮೈಕ್ರಾನ್ ಕಂಪನಿ ಜನಸಾಮಾನ್ಯರಿಗೆ ಮಾರುತ್ತಿದ್ದ ತನ್ನ ಕ್ರುಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಡಿಸೆಂಬರ್‌ನಲ್ಲಿ ಹೇಳಿತು. ನಮ್ಮ ಪಟ್ಟಿಯಲ್ಲಿ ಅಂದಾಜು ತಪ್ಪಿದ್ದು ಇದೊಂದೇ. ಎಸ್‌ಎಸ್‌ಡಿ ಚೂಯಿಂಗ್ ಗಮ್ ಪಟ್ಟಿಯಷ್ಟಿರುತ್ತದೆ, ಅದರ ಬಗ್ಗೆ ಹೇಳಲು ಏನೂ ಇಲ್ಲ.

ಜೋಡಿಸಿದ್ದು ಒಂದು ಭಾನುವಾರ, ಹಜಾರದಲ್ಲಿ ಚಾಪೆ ಹಾಸಿ. ದೊಡ್ಡ ಕ್ಯಾಬಿನೆಟ್‌ನಲ್ಲಿ ಯಾವುದನ್ನು ಯಾವಾಗ ಕೂರಿಸಿದರೂ ನಡೆಯುತ್ತದೆ. ಇಲ್ಲಿ ಕೂಲರ್ ಹೊರಗೇ ಬೋರ್ಡಿಗೆ ಬಿಗಿದು, ಸಣ್ಣ ಕೇಬಲ್‌ಗಳನ್ನು ಮೊದಲೇ ಸಿಕ್ಕಿಸಿ, ಆಮೇಲೆ ಇಳಿಸಬೇಕು. ಒಂದು ಮರೆತರೆ ಎಲ್ಲ ಬಿಚ್ಚಬೇಕು. ನಾವು ಎರಡು ಸಲ ಬಿಚ್ಚಿದೆವು. ಮೂರನೇ ಸಲ ಗುಂಡಿ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಹುಡುಗನ ಮುಖವೂ ಕಪ್ಪಿಟ್ಟಿತು. ಇಂಥ ಹೊತ್ತಿಗೆಂದೇ ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಬೇಕು ಎಂದು ನಾನು ಹಟ ಹಿಡಿದಿದ್ದೆ. ಕೇಬಲ್ಲನ್ನು ಬೋರ್ಡಿನ ಎಚ್‌ಡಿಎಂಐಗೆ ಬದಲಿಸಿದೆವು, ಚಿತ್ರ ಬಂತು. ಅಂದರೆ ತೊಂದರೆ ಕಾರ್ಡಿನ ದಾರಿಯಲ್ಲಿ. ರೈಸರ್ ಕೇಬಲ್ ಇರುವ ಯಂತ್ರಗಳಲ್ಲಿ ನಾಲ್ಕನೇ ತಲೆಮಾರಿನ ಪಿಸಿಐಇ ವೇಗ ಹೊಂದದೆ ಪರದೆ ಕಪ್ಪಾಗುವುದುಂಟು. ಬಯೋಸ್‌ನಲ್ಲಿ ಮೂರಕ್ಕೆ ಇಳಿಸಿದರೆ ಸರಿಹೋಗುತ್ತದೆ, ವೇಗ ಚೂರು ಕುಂದುತ್ತದೆ. ನಮ್ಮದು ಅಷ್ಟು ಘನವಾದ ಕಾಯಿಲೆಯಾಗಿರಲಿಲ್ಲ. ರೈಸರಿನ ತುದಿಯನ್ನು ನಾನು ಅರ್ಧ ಮಾತ್ರ ಒತ್ತಿದ್ದೆ. “ಮಾಮ, ನೀವೇ ಕೂರಿಸಿದ್ದಲ್ವಾ ಇದು?” ಎಂದ. ಕೇಳಿಸದವನಂತೆ ಸ್ಕ್ರೂ ಹುಡುಕಿದೆ.

ತೂಕದ ಯಂತ್ರದ ಮೇಲಿಟ್ಟಾಗ ಆರು ಕೆ.ಜಿ. ದಾಟಿತು. ವಿಮಾನದಲ್ಲಿ ಕೈಚೀಲಕ್ಕೆ ಕೊಡುವ ಏಳು ಕೆ.ಜಿ.ಗೆ ಸರಿಸುಮಾರು, ಬಯೋಸ್ ನೆನಪಿಗಿರುವ ಗುಂಡಿಯಂಥ ಸೆಲ್ ಬಿಟ್ಟರೆ ಒಳಗೆ ಬ್ಯಾಟರಿ ಇಲ್ಲದ್ದರಿಂದ ಆ ತಕರಾರೂ ಇಲ್ಲ. ಹುಡುಗ ಹೊರಟದ್ದು ಬಸ್ಸಿನಲ್ಲೇ. ಹಳೆಯ ಬೆಡ್‌ಶೀಟ್ ಸುತ್ತಿ ಚೀಲಕ್ಕಿಳಿಸಿ, ಸ್ಲೀಪರಿನಲ್ಲಿ ತಲೆಯ ಪಕ್ಕ ಇಟ್ಟುಕೊಂಡು ಕಾಲು ಚಾಚಿ ಮಲಗಿದನಂತೆ.

ಮಾರನೇ ದಿನ ಮಧ್ಯಾಹ್ನ ಫೋನ್. ಕೋಣೆ 37 ಡಿಗ್ರಿ, ಪ್ರೊಸೆಸರ್ 82, ಕಾರ್ಡ್ 74, ಆಟ ಸೊಗಸಾಗಿ ಓಡುತ್ತಿದೆ ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಮ, ವೈಫೈ ಬರ್ತಿಲ್ಲ” ಎಂದ. ಟೀವಿ ಸ್ಟ್ಯಾಂಡಿನ ಮೇಲೆ ನೋಡಿದೆ. ಬೋರ್ಡಿನ ಹಿಂದೆ ತಿರುಪಬೇಕಾದ ಎರಡು ಆ್ಯಂಟೆನಾಗಳು ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಕೂತಿದ್ದವು. ದೀಪಾವಳಿಗೆ ಬಂದಾಗ ಒಯ್ಯುತ್ತಾನಂತೆ. ಅಲ್ಲಿಯವರೆಗೆ ಫೋನಿಗೆ ಕೇಬಲ್ ಸಿಕ್ಕಿಸಿ ನೆಟ್ ಎಳೆದುಕೊಳ್ಳುತ್ತಿದ್ದಾನೆ.